ನಮ್ಮ ಹತ್ತಿ ದರವನ್ನು ಅಮೆರಿಕ ಯಾಕೆ ಹೇಳಬೇಕು?

ಪ್ರಶ್ನೆ: ಮೇಡಂ, ನಮ್ಮದು ರಾಯಚೂರು ಜಿಲ್ಲೆ, ಮಾನ್ವಿ ತಾಲೂಕು. ಎಂಟು ಎಕರೆ ಎರೆ ಹೊಲ, ಪೂರ್ತಿ ಹತ್ತಿ ಹಾಕಿದ್ದೇವೆ. ಮೊದಲ ಸಲ ಬಿಡಿಸಿದ ಹತ್ತಿಯನ್ನು ರಾಯಚೂರು ಗಂಜಿಗೆ, ಅಂದರೆ ಮಾರುಕಟ್ಟೆಗೆ, ತಂದರೆ ಕ್ವಿಂಟಲಿಗೆ 6,700 ಅಂದರು. ಯಾಕೆ ಇಷ್ಟು ಕಡಿಮೆ ಅಂತ ಕೇಳಿದರೆ, "ಅಮೆರಿಕ ಸುಂಕ ಹಾಕಿದೆ, ನಾವೇನು ಮಾಡೋಣ" ಅಂದರು. ಊರಲ್ಲಿ ಎಲ್ಲರಿಗೂ ಸಿಟ್ಟಿದೆ. ಹುಡುಗರು ಅಂಗಡಿಯಿಂದ ಕೋಲಾ ಬಾಟಲಿ ತಂದು ರಸ್ತೆಗೆ ಸುರಿದರು. "ಆ ದೇಶದ ಆಟ ಇವತ್ತಿನದಲ್ಲ" ಅನ್ನುತ್ತಾರೆ ನಮ್ಮಪ್ಪ. ನನ್ನ ಮಗ ನೋಡಿದರೆ ಮುಂದೆ ಓದೋಕೆ ಅಲ್ಲಿಗೇ ಹೋಗ್ತೀನಿ ಅಂತಾನೆ. ಎಲ್ಲೋ ಇರುವ ದೇಶ ನಮ್ಮ ಹೊಲದ ದರವನ್ನು ಹೇಗೆ ಹೇಳುತ್ತದೆ? ನಮ್ಮ ಸಿಟ್ಟಿನಲ್ಲಿ ತಪ್ಪಿದೆಯಾ?

ಉತ್ತರ: ಅಣ್ಣಾ, ತಪ್ಪಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆರು ತಿಂಗಳು ಬಿಸಿಲಲ್ಲಿ ನಿಂತು ಬೆಳೆದ ಮಾಲಿಗೆ ಖರ್ಚೂ ಹುಟ್ಟದಿದ್ದರೆ ಸಿಟ್ಟು ಬರಲೇಬೇಕು. ನಾನೂ ಹತ್ತಿ ಬೆಳೆಯುವ ಮನೆಯವಳೇ. ಹತ್ತಿ ತುಂಬಿದ ಚೀಲದ ಅಂಡಿಗೆ ಹೇರಿದ ಗಾಡಿಯ ಮೇಲೆ ಅಪ್ಪನ ಪಕ್ಕ ಕೂತು ಗಂಜಿಗೆ ಬಂದು, ಸಂಜೆ ಅವರ ಮುಖ ನೋಡಿ ದರ ಎಷ್ಟಾಯಿತು ಅಂತ ತಿಳಿದುಕೊಂಡವಳು. ಆಮೇಲೆ ಮೂವತ್ತು ವರ್ಷ ಕೃಷಿ ಮಾರುಕಟ್ಟೆ ಪಾಠ ಮಾಡಿದೆ. ಅಷ್ಟು ವರ್ಷದಲ್ಲಿ ನನಗೆ ಖಾತ್ರಿಯಾದದ್ದು ಒಂದೇ. ಸಿಟ್ಟು ಎಷ್ಟೇ ನ್ಯಾಯದ್ದಾಗಿರಲಿ, ಅದು ಯಾರ ಯಾವ ತೀರ್ಮಾನದ ಮೇಲೆ ಅಂತ ಗೊತ್ತಿಲ್ಲದಿದ್ದರೆ ಕೊನೆಗೆ ಬಡ ಅಂಗಡಿಯವನ ಮೇಲೆ ಹೋಗಿ ಬೀಳುತ್ತದೆ. ಹಾಗಾಗಿ ನಿಮ್ಮ 6,700 ರೂಪಾಯಿಯನ್ನೇ ಬಿಚ್ಚಿ ನೋಡೋಣ.

ಒಂದು ಕ್ವಿಂಟಲ್ ಹತ್ತಿಯನ್ನು ಜಿನ್ನಿಂಗಿಗೆ, ಅಂದರೆ ಕಾಳು ಬೇರೆ ಮಾಡುವ ಯಂತ್ರಕ್ಕೆ, ಹಾಕಿದರೆ ಸುಮಾರು 34 ಕಿಲೋ ಅರಳೆ ಬರುತ್ತದೆ. 63 ಕಿಲೋ ಆಸುಪಾಸು ಹತ್ತಿಕಾಳು. ಉಳಿದದ್ದು ಕಸ, ತೇವ. ಕಾಳು ಎಣ್ಣೆ ಗಾಣಕ್ಕೆ ಹೋಗುತ್ತದೆ, ಹಿಂಡಿ ಎಮ್ಮೆಗೆ ಬರುತ್ತದೆ. ಅದರ ದರ ಹೆಚ್ಚುಕಮ್ಮಿ ನಮ್ಮಲ್ಲೇ ನಿರ್ಧಾರವಾಗುತ್ತದೆ. ಅರಳೆಯದು ಹಾಗಲ್ಲ. ಅದರ ದರಕ್ಕೆ ಇಡೀ ಪ್ರಪಂಚ ನೋಡುವುದು ನ್ಯೂಯಾರ್ಕಿನ ವಾಯಿದೆ ಪೇಟೆಯನ್ನು, ಅಂದರೆ ಮುಂದೆ ಕೊಡುವ ಮಾಲಿಗೆ ಇವತ್ತೇ ದರ ಕಟ್ಟುವ ಪೇಟೆಯನ್ನು. ಅಲ್ಲಿ ಮಾತಾಡುವುದು ಪೌಂಡ್ ತೂಕಕ್ಕೆ, ಅಂದರೆ ಸುಮಾರು 454 ಗ್ರಾಮಿಗೆ, ಇಷ್ಟು ಸೆಂಟ್ ಅಂತ. ಪೌಂಡಿಗೆ 65 ಸೆಂಟ್, ಡಾಲರಿಗೆ 88 ರೂಪಾಯಿ ಅಂತ ಇಟ್ಟುಕೊಳ್ಳಿ. ಕಿಲೋ ಅರಳೆಗೆ 126 ರೂಪಾಯಿ ಆಯಿತು. 34 ಕಿಲೋಗೆ 4,300 ಹತ್ತಿರ. ಕಾಳು ಕಿಲೋಗೆ 35 ಅಂದರೂ 2,200. ಎರಡೂ ಸೇರಿ 6,500. ನಿಮಗೆ ಹೇಳಿದ ದರ ಇದಕ್ಕೆ ಎಷ್ಟು ಹತ್ತಿರ ಇದೆ ನೋಡಿದಿರಾ? ಗಂಜಿನ ವ್ಯಾಪಾರಿ ಬೆಳಿಗ್ಗೆ ಎದ್ದು ಫೋನಿನಲ್ಲಿ ನೋಡುವುದೇ ಆ ಸೆಂಟಿನ ಲೆಕ್ಕ. ನಿಮ್ಮ ಗಾಡಿ ಗಂಜಿನೊಳಗೆ ಬರುವ ಮೊದಲೇ ಅರ್ಧಕ್ಕಿಂತ ಜಾಸ್ತಿ ದರ ಬೇರೆ ಕಡೆ ಬರೆದಾಗಿರುತ್ತದೆ.

ಇನ್ನು ಅಮೆರಿಕದ ಕೈ ಎಲ್ಲೆಲ್ಲಿದೆ ಅಂತ ನೋಡೋಣ.

ಮೊದಲನೆಯದು ಸುಂಕ. 2025ರ ಆಗಸ್ಟ್ 7ರಿಂದ ಭಾರತದ ಮಾಲಿನ ಮೇಲೆ 25 ಪರ್ಸೆಂಟ್ ಹಾಕಿದರು. ರಷ್ಯಾದಿಂದ ಕಚ್ಚಾ ಎಣ್ಣೆ ಕೊಳ್ಳುತ್ತೀರಿ ಅಂತ ಆಗಸ್ಟ್ 27ರಿಂದ ಇನ್ನೂ 25 ಸೇರಿಸಿದರು. ಆಗ ಒಟ್ಟು 50 ಆಯಿತು. ನಾವು ಹೊರದೇಶಕ್ಕೆ ಮಾರುವ ಬಟ್ಟೆಯಲ್ಲಿ ಕಾಲು ಭಾಗಕ್ಕೂ ಜಾಸ್ತಿ ಅಮೆರಿಕಕ್ಕೆ ಹೋಗುತ್ತದೆ. ಅದೇ ಅಂಗಿಯನ್ನು ಬಾಂಗ್ಲಾದೇಶ, ವಿಯೆಟ್ನಾಂ ಕಳಿಸಿದರೆ ಆಗ 20 ಪರ್ಸೆಂಟ್ ಇತ್ತು. ತಿರುಪ್ಪೂರಿನ ಬಟ್ಟೆ ಕಾರ್ಖಾನೆಗೆ ಆರ್ಡರ್ ನಿಂತರೆ ನೂಲಿನ ಗಿರಣಿ ಕೈ ಬಿಗಿ ಹಿಡಿಯುತ್ತದೆ. ಗಿರಣಿ ಕೈ ಬಿಗಿ ಹಿಡಿದರೆ ಜಿನ್ನಿಂಗಿನವನೂ ಹಿಡಿಯುತ್ತಾನೆ. ಕೊನೆಗೆ ಏಟು ಬೀಳುವುದು ನಿಮ್ಮ ಅಂಡಿಗೆಗೆ. ಎಣ್ಣೆ ಕೊಂಡದ್ದು ಯಾರು, ದಂಡ ಕಟ್ಟಿದ್ದು ಯಾರು? ಇಲ್ಲಿ ನಿಮ್ಮ ಸಿಟ್ಟು ನೂರಕ್ಕೆ ನೂರು ಸರಿ. ಒಬ್ಬ ಬಲಶಾಲಿ ತನ್ನ ರಾಜಕೀಯದ ಮಾತು ನಡೆಸಲಿಕ್ಕೆ ಇನ್ನೊಬ್ಬರ ಅನ್ನದ ತಟ್ಟೆಗೆ ಕೈ ಹಾಕುವುದು ಇದು.

ಎರಡನೆಯದು ಅವರ ರೈತರಿಗೆ ಸಿಗುವ ನೆರವು. ಇದರ ಬಗ್ಗೆ ಗಂಜಿನಲ್ಲಿ ಯಾರೂ ಮಾತಾಡುವುದಿಲ್ಲ. ಆದರೆ ನನ್ನ ಪ್ರಕಾರ ಇದೇ ದೊಡ್ಡದು. ಅಮೆರಿಕ ಬೆಳೆದ ಹತ್ತಿಯಲ್ಲಿ ಬಹುಪಾಲು ಹೊರದೇಶಕ್ಕೇ ಮಾರುತ್ತದೆ. ದರ ಬಿದ್ದರೂ ಅಲ್ಲಿನ ರೈತ ಬಿತ್ತುವುದನ್ನು ಬಿಡುವುದಿಲ್ಲ, ಯಾಕೆಂದರೆ ಅವನಿಗೆ ಆಸರೆ ಇದೆ. 2025ರಲ್ಲಿ ಅವರು ಹೊಸ ಕಾನೂನು ಮಾಡಿ, ಕಾಳು ಸಹಿತ ಹತ್ತಿಗೆ ಆಧಾರ ದರವನ್ನು ಪೌಂಡಿಗೆ 36.7 ಸೆಂಟಿನಿಂದ 42 ಸೆಂಟಿಗೆ ಏರಿಸಿದರು. ಅದನ್ನು ನಮ್ಮ ಲೆಕ್ಕಕ್ಕೆ ತಂದರೆ ಎಷ್ಟಾಗುತ್ತದೆ ಗೊತ್ತಾ? ಕ್ವಿಂಟಲಿಗೆ ಸುಮಾರು 8,150 ರೂಪಾಯಿ. ನಮ್ಮ ಸರಕಾರ 2025-26ಕ್ಕೆ ಉದ್ದ ಎಳೆ ಹತ್ತಿಗೆ ಹೇಳಿದ ಬೆಂಬಲ ಬೆಲೆ 8,110. ಮಧ್ಯಮ ಎಳೆಗೆ 7,710.

ನಾನು ಈ ಲೆಕ್ಕ ಹಾಕಿದ ದಿನ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಕಾಗದದ ಮೇಲೆ ಟೆಕ್ಸಾಸಿನ ರೈತನಿಗೂ ಮಾನ್ವಿಯ ರೈತನಿಗೂ ದರ ಹತ್ತಿರ ಹತ್ತಿರ ಒಂದೇ. ವ್ಯತ್ಯಾಸ ಇರುವುದು ಅದು ಕೈಗೆ ಬರುವ ದಾರಿಯಲ್ಲಿ. ಅವನು ಹತ್ತಿಯನ್ನು ಸಿಕ್ಕ ದರಕ್ಕೆ ಮಾರುತ್ತಾನೆ. ವರ್ಷದ ಸರಾಸರಿ ದರ ಆಧಾರ ದರಕ್ಕಿಂತ ಕೆಳಗಿದ್ದರೆ ವ್ಯತ್ಯಾಸದ ಬಹುಪಾಲು ಅವನ ಖಾತೆಗೆ ಬೀಳುತ್ತದೆ. ಅವನ ಹೆಸರಿಗೆ ಬರೆದಿರುವ ಹಳೆಯ ಎಕರೆ ಲೆಕ್ಕದ ಮೇಲೆ ಅದು ಸಿಗುತ್ತದೆ. ನಮ್ಮಲ್ಲಿ ಮಾಲನ್ನೇ ಖರೀದಿ ಕೇಂದ್ರಕ್ಕೆ ಹೊತ್ತು ಒಯ್ಯಬೇಕು. ಸಾಲಿನಲ್ಲಿ ನಿಲ್ಲಬೇಕು. ತೇವಾಂಶ ಜಾಸ್ತಿ ಅಂದರೆ ವಾಪಸ್ ತರಬೇಕು. ಟ್ರ್ಯಾಕ್ಟರ್ ಬಾಡಿಗೆ ಎರಡು ಸಲ. ಅದಕ್ಕೇ ಅರ್ಧ ಜನ 6,700ಕ್ಕೆ ಕೊಟ್ಟು ಎದ್ದು ಬರುತ್ತಾರೆ. ಈ ದಾರಿಯನ್ನು ಸರಿ ಮಾಡಬೇಕಾದವರು ಅಮೆರಿಕದವರಲ್ಲ, ಅಲ್ವಾ?

ಮೂರನೆಯದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಹೊರಗಿನ ಹತ್ತಿ ಒಳಗೆ ಬರದಂತೆ ನಮ್ಮಲ್ಲಿ 11 ಪರ್ಸೆಂಟ್ ಆಮದು ಸುಂಕ ಇತ್ತು. 2021ರ ಬಜೆಟ್ಟಿನಲ್ಲಿ ಹಾಕಿದ್ದು. ಅದನ್ನು 2025ರ ಆಗಸ್ಟ್ 19ರಿಂದ ತೆಗೆದರು. ಮೊದಲು ಸೆಪ್ಟೆಂಬರ್ 30ರವರೆಗೆ ಅಂದರು, ಆಮೇಲೆ ಡಿಸೆಂಬರ್ 31ರವರೆಗೆ ಅಂದರು. ನಮ್ಮ ಹತ್ತಿ ಒಡೆದು ಗಂಜಿಗೆ ಬರುವ ತಿಂಗಳುಗಳೇ ಅವು. ಸುಂಕದ ಏಟು ತಿಂದ ಗಿರಣಿಗಳಿಗೆ ಅಗ್ಗದ ಹತ್ತಿ ಸಿಗಲಿ ಅನ್ನುವುದು ಕಾರಣ. ಗಿರಣಿಗಳ ಕಷ್ಟ ಸುಳ್ಳಲ್ಲ, ಅಲ್ಲಿ ದುಡಿಯುವವರೂ ನಮ್ಮವರೇ. ಆದರೆ ಆ ಕಷ್ಟದ ಹೊರೆಯನ್ನು ತಿರುಗಿಸಿ ರೈತನ ಹೆಗಲಿಗೆ ಹಾಕಿದ್ದು ದಿಲ್ಲಿಯ ತೀರ್ಮಾನ. ಸುಂಕ ತೆಗೆದ ಮೇಲೆ ಬಾಗಿಲು ತೆರೆದದ್ದು ಅಮೆರಿಕದ ಹತ್ತಿಗೆ ಮಾತ್ರ ಅಲ್ಲ. ಬ್ರೆಜಿಲ್, ಆಸ್ಟ್ರೇಲಿಯಾ, ಆಫ್ರಿಕಾದ ಹತ್ತಿಗೂ. "ಎಲ್ಲಾ ಅಮೆರಿಕದಿಂದ" ಅನ್ನುವ ಮಾತು ಗಂಜಿನಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತದೋ, ಈ ತೀರ್ಮಾನದ ಮಾತು ಅಷ್ಟೇ ಮೆಲ್ಲಗೆ ಮರೆಗೆ ಸರಿಯುತ್ತದೆ. ದೂರದವರನ್ನು ಬೈಯುವುದು ಸುಲಭ. ಹತ್ತಿರದವರನ್ನು ಕೇಳುವುದು ಕಷ್ಟ. ಕೇಳಬೇಕಾದ್ದು ಮಾತ್ರ ಹತ್ತಿರದವರನ್ನೇ.

ನಿಮ್ಮ ತಂದೆಯವರು "ಇವತ್ತಿನದಲ್ಲ" ಅಂದರಲ್ಲ, ಅವರ ಮನಸ್ಸಿನಲ್ಲಿ ಬಹುಶಃ ಕೆಂಪು ಜೋಳ ಇದೆ. ನಮ್ಮ ಅವ್ವನೂ ಅದನ್ನು ಸಾಯುವವರೆಗೆ ಮರೆಯಲಿಲ್ಲ. 1965, 66ರಲ್ಲಿ ಸಾಲಾಗಿ ಎರಡು ವರ್ಷ ಮಳೆ ಕೈ ಕೊಟ್ಟಿತು. ಪಿಎಲ್ 480 ಅನ್ನುವ ಅಮೆರಿಕದ ಕಾನೂನಿನಡಿ ಗೋಧಿ, ಕೆಂಪು ಜೋಳ ಹಡಗಿನಲ್ಲಿ ಬರುತ್ತಿತ್ತು. ಬಿಳಿಜೋಳದ ರೊಟ್ಟಿ ತಿಂದು ಬೆಳೆದ ಸೀಮೆ ನಮ್ಮದು. ಆ ಕೆಂಪು ಜೋಳದ ಹಿಟ್ಟು ನಾದಿದರೆ ಜಿಗಿ ಬರುತ್ತಿರಲಿಲ್ಲವಂತೆ. ತಟ್ಟಲಿಕ್ಕೆ ಹೋದರೆ ಅಂಚು ಬಿರಿಯುತ್ತಿತ್ತು, ಹಂಚಿನ ಮೇಲೆ ಹಾಕುವಾಗ ಕೈಯಲ್ಲೇ ಮುರಿಯುತ್ತಿತ್ತು. ಅವ್ವ ಅದನ್ನು ಹೇಳುವಾಗ ಎರಡೂ ಅಂಗೈ ಅಗಲಿಸಿ ತೋರಿಸುತ್ತಿದ್ದಳು, ತುಂಡು ಇನ್ನೂ ಅಲ್ಲೇ ಇರುವ ಹಾಗೆ. "ಹಸಿವಿಗೆ ತಿಂದ್ವಿ, ರುಚಿಗಲ್ಲ" ಅನ್ನುತ್ತಿದ್ದಳು.

ಆ ಕಾಳು ಲಕ್ಷಾಂತರ ಜನರ ಜೀವ ಉಳಿಸಿತು. ಅದನ್ನು ಅಲ್ಲಗಳೆದರೆ ಅನ್ಯಾಯವಾಗುತ್ತದೆ. ಆದರೆ ಕೊಟ್ಟ ರೀತಿ? ಆಗಿನ ಅಧ್ಯಕ್ಷ ಜಾನ್ಸನ್ ವರ್ಷದ ಒಪ್ಪಂದ ಬಿಟ್ಟು, ಸ್ವಲ್ಪ ಸ್ವಲ್ಪವೇ ಧಾನ್ಯ ಬಿಡುಗಡೆ ಮಾಡುವ ಪದ್ಧತಿ ಇಟ್ಟರು. ಭಾರತ ತನ್ನ ಕೃಷಿ ನೀತಿಯನ್ನು ಬದಲಾಯಿಸಲಿ ಅನ್ನುವುದು ಒಂದು ಒತ್ತಡ. ವಿಯೆಟ್ನಾಂ ಮೇಲೆ ಬಾಂಬ್ ಹಾಕುವುದನ್ನು ಇಂದಿರಾ ಗಾಂಧಿ ಟೀಕಿಸಿದ್ದಕ್ಕೆ ಅವರಿಗೆ ಬೇಜಾರು ಇನ್ನೊಂದು ಕಡೆ. ಹಡಗು ಬಂದರೆ ಊಟ ಅನ್ನುವ ಸ್ಥಿತಿ. ಶಾಸ್ತ್ರೀಜಿ ವಾರಕ್ಕೊಂದು ಹೊತ್ತು ಊಟ ಬಿಡಿ ಅಂದದ್ದು ಅದೇ ಕಾಲದಲ್ಲಿ. ಊಟ ಬಿಟ್ಟ ಹಸಿವನ್ನು ಜನ ಮರೆತರು. ಇನ್ನೊಬ್ಬರ ಮುಂದೆ ಕೈ ಒಡ್ಡಿದ್ದನ್ನು ಮರೆಯಲಿಲ್ಲ. ದೊಡ್ಡ ದೇಶಗಳ ಮೇಲೆ ಜನರಿಗೆ ಇರುವ ಅಸಮಾಧಾನದ ಬೇರು ಎಷ್ಟೋ ಸಲ ನಷ್ಟದಲ್ಲಿ ಇರುವುದಿಲ್ಲ, ಹೀಗೆ ಆದ ಅವಮಾನದಲ್ಲಿ ಇರುತ್ತದೆ. ತುಂಗಭದ್ರೆಯ ನೀರು ಬಂದು ಗಂಗಾವತಿ, ಸಿಂಧನೂರು ಕಡೆ ಭತ್ತದ ರಾಶಿ ಬಿದ್ದಾಗ ಹಿರಿಯರು ಅಷ್ಟು ಹೆಮ್ಮೆ ಪಟ್ಟದ್ದು ಯಾಕೆ ಅಂತ ನನಗೆ ಅರ್ಥವಾದದ್ದು ಅವ್ವನ ಅಂಗೈ ನೋಡಿದ ಮೇಲೆ.

ನಮ್ಮ ಸೀಮೆಯ ಸಿಟ್ಟಿಗೆ ಇನ್ನೂ ಒಂದು ಅಧ್ಯಾಯ ಇದೆ. ನಿಮ್ಮ ಊರಿನ ಹುಡುಗರಿಗೆ ಇದು ಗೊತ್ತಿರಲಿಕ್ಕಿಲ್ಲ. 1993ರಲ್ಲಿ ಎಲ್ಲರ ಬಾಯಲ್ಲೂ ಡಂಕೆಲ್ ಪ್ರಸ್ತಾವದ, ಅಂದರೆ ವಿಶ್ವ ವ್ಯಾಪಾರ ಒಪ್ಪಂದದ ಕರಡಿನ, ಮಾತು. ಬೀಜದ ಮೇಲೆ ಕಂಪನಿಗಳಿಗೆ ಹಕ್ಕು ಹೋಗುತ್ತದೆ ಅನ್ನುವ ಭಯ. ಆ ವರ್ಷದ ಜುಲೈನಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅಮೆರಿಕದ ಕಾರ್ಗಿಲ್ ಕಂಪನಿ ಕಟ್ಟುತ್ತಿದ್ದ ಬೀಜ ಘಟಕವನ್ನು ರೈತ ಸಂಘದವರು ಕೆಡವಿದರು. 1998ರ ನವೆಂಬರಿನಲ್ಲಿ ನಮ್ಮದೇ ರಾಯಚೂರು ಜಿಲ್ಲೆಯ ಒಂದು ಹೊಲದಲ್ಲಿ ಮಾನ್ಸಾಂಟೊ ಪ್ರಯೋಗಕ್ಕೆ ಹಾಕಿದ್ದ ಬಿಟಿ ಹತ್ತಿಯನ್ನು, ಅಂದರೆ ಕಾಯಿಕೊರಕ ತಡೆಯುವ ಕುಲಾಂತರಿ ಹತ್ತಿಯನ್ನು, ಕಿತ್ತು ಸುಟ್ಟರು. ಪ್ರೊಫೆಸರ್ ನಂಜುಂಡಸ್ವಾಮಿಯವರು ಮುಂದಿದ್ದ ಆ ಚಳವಳಿ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಬಂತು. ಹೊಲದ ರೈತನಿಗೆ ತಾನು ಬಿತ್ತಿದ್ದು ಏನು ಅಂತ ಸರಿಯಾಗಿ ಹೇಳಿಯೇ ಇಲ್ಲ ಅನ್ನುವುದು ಅವರ ದೂರು. ಆ ದೂರಿಗೆ ತೂಕ ಇತ್ತು. ನನ್ನ ಹೊಲದಲ್ಲಿ ಏನು ಬೆಳೆಯುತ್ತಿದೆ ಅಂತ ನನಗೆ ತಿಳಿಯಬೇಡವೇ?

ಮುಂದೆ ಏನಾಯಿತು? 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಹತ್ತು ವರ್ಷದೊಳಗೆ ಅದೇ ಹೊಲಗಳಲ್ಲಿ ಅದೇ ಬೀಜ. ರೈತರು ತಾವಾಗಿಯೇ ಸಾಲು ನಿಂತು ಕೊಂಡರು, ಯಾಕೆಂದರೆ ಕಾಯಿಕೊರಕದ ಔಷಧದ ಖರ್ಚು ಇಳಿದಿತ್ತು. ಬೆಂಕಿ ಬೀಜವನ್ನು ತಡೆಯಲಿಲ್ಲ. ಬೀಜದ ದರವನ್ನು ಇಳಿಸಿದ್ದು ಕಾಗದ. 450 ಗ್ರಾಮಿನ ಪ್ಯಾಕೆಟ್ಟಿಗೆ 1,600 ರೂಪಾಯಿ ಮೇಲೆ ಇದ್ದಾಗ ಆಂಧ್ರ ಸರಕಾರ ಏಕಸ್ವಾಮ್ಯ ತಡೆಯುವ ಆಯೋಗಕ್ಕೆ ದೂರು ಕೊಟ್ಟಿತು. 2006ರಲ್ಲಿ ದರ 750ಕ್ಕೆ ಇಳಿಯಿತು. 2015ರ ಡಿಸೆಂಬರಿನಲ್ಲಿ ಕೇಂದ್ರವೇ ದರ ನಿಯಂತ್ರಣ ಆದೇಶ ತಂದಿತು. ಪ್ರತಿ ಪ್ಯಾಕೆಟ್ಟಿನಲ್ಲಿ ಕಂಪನಿಗೆ ಹೋಗುವ ತಂತ್ರಜ್ಞಾನದ ಶುಲ್ಕ 2016ರಲ್ಲಿ 49 ರೂಪಾಯಿ ಆಯಿತು, ಆಮೇಲೆ 39, ಆಮೇಲೆ 20. 2020ರಲ್ಲಿ ಸೊನ್ನೆ. ಅಷ್ಟು ಹೊತ್ತಿಗೆ ಗುಲಾಬಿ ಕಾಯಿಕೊರಕ ಆ ಬೀಜಕ್ಕೂ ಬಗ್ಗದೆ ಬೆಳೆದಿತ್ತು ಅನ್ನುವುದು ಬೇರೆ ನೋವು.

ಬೀದಿಗೆ ಇಳಿದದ್ದು ವ್ಯರ್ಥ ಅಂತ ನಾನು ಹೇಳುತ್ತಿಲ್ಲ. ಬೀದಿಯಲ್ಲಿ ಗದ್ದಲ ಆಗದಿದ್ದರೆ ಆ ಕಾಗದಕ್ಕೆ ಯಾರೂ ಸಹಿ ಹಾಕುತ್ತಿರಲಿಲ್ಲ. ಆದರೆ ಗದ್ದಲದ ಹಿಂದೆ ಲೆಕ್ಕ ಹಿಡಿದು ಕೂತವರು ಬೇಕು.

ಹಾಗೆ ಲೆಕ್ಕ ಹಿಡಿದು ಕೂತದ್ದು ಬ್ರೆಜಿಲ್. ಅಮೆರಿಕದ ಹತ್ತಿ ಸಬ್ಸಿಡಿಯಿಂದ ತನ್ನ ರೈತರಿಗೆ ನಷ್ಟ ಅಂತ 2002ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. 2004ರಲ್ಲಿ ಗೆದ್ದಿತು. 2005ರಲ್ಲಿ ಮೇಲ್ಮನವಿಯಲ್ಲೂ ಗೆದ್ದಿತು. ಆದರೂ ಅಮೆರಿಕ ಪೂರ್ತಿ ಬಗ್ಗಲಿಲ್ಲ. 2010ರಲ್ಲಿ ಬ್ರೆಜಿಲ್ ನಿಮ್ಮ ಇಂತಿಂಥ ಮಾಲಿಗೆ ಸುಂಕ ಏರಿಸುತ್ತೇವೆ ಅಂತ ಪಟ್ಟಿಯನ್ನೇ ಹೊರಡಿಸಿತು. ಪೇಟೆಂಟುಗಳ ಮೇಲೂ ಕೈ ಹಾಕುತ್ತೇವೆ ಅಂದಿತು. ಆಗ ಅಮೆರಿಕ ವರ್ಷಕ್ಕೆ 14.73 ಕೋಟಿ ಡಾಲರ್ ಬ್ರೆಜಿಲ್ ಹತ್ತಿ ಬೆಳೆಗಾರರ ನಿಧಿಗೆ ಕೊಡಲು ಒಪ್ಪಿತು. 2014ರಲ್ಲಿ 30 ಕೋಟಿ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿತು. ಅದೇ ಹೊತ್ತಿಗೆ ಆಫ್ರಿಕಾದ ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ ದೇಶಗಳೂ 2003ರಿಂದ ಇದನ್ನೇ ಕೇಳುತ್ತಿದ್ದವು. ಅವು ಬಡ ದೇಶಗಳು, ಎದುರು ಸುಂಕ ಹಾಕುವ ಶಕ್ತಿ ಇಲ್ಲ. ಅವಕ್ಕೆ ಸಿಕ್ಕಿದ್ದು ಬರೀ ಮಾತು. ಈಗಂತೂ ಆ ಬಾಗಿಲೂ ಸರಿಯಾಗಿ ತೆರೆಯುವುದಿಲ್ಲ. ಮೇಲ್ಮನವಿ ಕೇಳುವ ಪೀಠಕ್ಕೆ ಹೊಸ ಸದಸ್ಯರ ನೇಮಕವನ್ನು ಅಮೆರಿಕವೇ ತಡೆದು ಕೂತಿದೆ. 2019ರ ಡಿಸೆಂಬರಿನಿಂದ ಅದು ಕೆಲಸ ಮಾಡುತ್ತಿಲ್ಲ. ನನಗೆ ಸುಂಕಕ್ಕಿಂತ ಜಾಸ್ತಿ ಸಿಟ್ಟು ಬರುವುದು ಇದಕ್ಕೆ. ಪಂಚಾಯ್ತಿ ಕಟ್ಟೆಗೆ ಬಾ ಅಂತ ಎಲ್ಲರಿಗೂ ಹೇಳಿಕೊಟ್ಟವರೇ ಕಟ್ಟೆಯನ್ನು ಖಾಲಿ ಮಾಡಿದ ಹಾಗೆ.

ಚೀನಾದ ಮಾತನ್ನೂ ಒಂದು ಗಳಿಗೆ ಆಡುತ್ತೇನೆ. 2008ರ ಒಲಿಂಪಿಕ್ಸಿಗೆ ಮೊದಲು ಚೀನಾದ ಕಬ್ಬಿಣದ ಹಸಿವು ಏರಿದಾಗ ಸಂಡೂರು, ಹೊಸಪೇಟೆ ಗುಡ್ಡಗಳ ಅದಿರು ಲಾರಿಗಟ್ಟಲೆ ಬಂದರಿಗೆ ಹೋಯಿತು. ರಸ್ತೆ ಬದಿಯ ಬೇವಿನ ಗಿಡ, ಹೊಲದ ಮೆಣಸಿನಗಿಡ ಎಲ್ಲ ಕೆಂಪು ಧೂಳು. ಆಗ ಯಾರಾದರೂ ಚೀನಾದ ಮೇಲೆ ಸಿಟ್ಟಾದರಾ? ಇಲ್ಲ, ಯಾಕೆಂದರೆ ದುಡ್ಡು ಬರುತ್ತಿತ್ತು. 2011ರಲ್ಲಿ ಲೋಕಾಯುಕ್ತ ವರದಿ ಬಂದು, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಊರುಗಳಿಗೆ ಉಳಿದದ್ದು ಕೆಟ್ಟ ರಸ್ತೆ, ಕೆಟ್ಟ ಹೊಲ, ಕಂತು ಕಟ್ಟಲಾಗದೆ ನಿಂತ ಲಾರಿಗಳು. ಒಬ್ಬನೇ ಗಿರಾಕಿಯನ್ನು ನಂಬಿದರೆ ಅವನು ಕೊಳ್ಳುವಾಗಲೂ ಅವನ ಮಾತೇ, ಬಿಡುವಾಗಲೂ ಅವನ ಮಾತೇ.

ಈಗ ಕೋಲಾ ಬಾಟಲಿಗೆ ಬರುತ್ತೇನೆ. ನಿಮ್ಮ ಹುಡುಗರ ಸಿಟ್ಟನ್ನು ನಾನು ಗೌರವಿಸುತ್ತೇನೆ. ಜೀನ್ಸ್ ಹಾಕಿಕೊಂಡು ಅಮೆರಿಕವನ್ನು ಬೈತೀರಾ ಅಂತ ಅವರನ್ನು ಹಂಗಿಸುವವರ ಮಾತು ನನಗೆ ಹಿಡಿಸುವುದಿಲ್ಲ. ಆ ಪ್ಯಾಂಟು ಬಳ್ಳಾರಿಯಲ್ಲೇ ಹೊಲಿದದ್ದಿರಬಹುದು, ನಮ್ಮ ಹೆಣ್ಣುಮಕ್ಕಳೇ ಅದಕ್ಕೆ ಗುಂಡಿ ಹಾಕಿರಬಹುದು. ಆದರೆ ಆ ಬಾಟಲಿಗೆ ಅಂಗಡಿಯವನು ಮೊದಲೇ ದುಡ್ಡು ಕೊಟ್ಟಾಗಿದೆ. ಸುರಿದದ್ದರಿಂದ ನಷ್ಟ ಆಗುವುದು ಅವನಿಗೆ, ಇಲ್ಲ ಕೊಂಡ ಹುಡುಗರಿಗೆ. ಕೊಳ್ಳುವುದು ಬೇಡ ಅನ್ನಿಸಿದರೆ ಕೊಳ್ಳಬೇಡಿ, ಅದು ನಿಮ್ಮ ಹಕ್ಕು. ಅಂಗಡಿಯವನ ಮೇಲೆ ಮಾತ್ರ ಒತ್ತಡ ಹಾಕಬೇಡಿ.

ಆ ಹುಡುಗರನ್ನು ಕೂರಿಸಿಕೊಂಡು ಒಂದು ಮನವಿ ಬರೆಸಿ. ಸಂಸದರಿಗೆ ಒಂದು ಪ್ರತಿ, ಜಿಲ್ಲಾಧಿಕಾರಿಗೆ ಒಂದು. ಅದರಲ್ಲಿ ಕೇಳುವುದು ಎರಡೇ ಇರಲಿ. ನಮ್ಮ ಹತ್ತಿ ಗಂಜಿಗೆ ಬರುವ ಅಕ್ಟೋಬರಿನಿಂದ ಮಾರ್ಚ್‌ವರೆಗಾದರೂ ಆಮದು ಸುಂಕ ತೆಗೆಯಬಾರದು. ಬೆಂಬಲ ಬೆಲೆಗಿಂತ ಕಡಿಮೆಗೆ ಮಾರಿದವರಿಗೆ ವ್ಯತ್ಯಾಸದ ಹಣ ಖಾತೆಗೆ ಹಾಕಬೇಕು. ಎರಡನೆಯದಕ್ಕೆ ಅಮೆರಿಕದ ಪದ್ಧತಿಯನ್ನೇ ಉದಾಹರಣೆ ಕೊಡಿ. ಅವರಿಂದ ಕಲಿಯುವುದರಲ್ಲಿ ನಾಚಿಕೆ ಏನೂ ಇಲ್ಲ.

ಈ ಹಂಗಾಮಿಗೆ ಮಾತ್ರ ತಡ ಮಾಡಬೇಡಿ. ಸಿಸಿಐ, ಅಂದರೆ ಭಾರತೀಯ ಹತ್ತಿ ನಿಗಮ, ಬೆಂಬಲ ಬೆಲೆಗೆ ಕೊಳ್ಳಬೇಕಾದರೆ 'ಕಪಾಸ್ ಕಿಸಾನ್' ಆ್ಯಪಿನಲ್ಲಿ ಹೆಸರು ನೋಂದಾಯಿಸಬೇಕು. ಆಧಾರ್, ಪಹಣಿ ಕೈಯಲ್ಲಿ ಇಟ್ಟುಕೊಳ್ಳಿ. ಪಹಣಿಯಲ್ಲಿ ಬೆಳೆ ಹತ್ತಿ ಅಂತ ಬಂದಿದೆಯಾ ನೋಡಿ. ಎಷ್ಟೋ ಜನ ತೊಗರಿ ಅಂತ ಬಿದ್ದಿರುವುದನ್ನು ಕೇಂದ್ರದ ಬಾಗಿಲಿಗೆ ಹೋದ ಮೇಲೆ ನೋಡುತ್ತಾರೆ. ತೇವಾಂಶ 8 ಪರ್ಸೆಂಟ್ ಒಳಗಿದ್ದರೆ ಪೂರ್ತಿ ದರ, ಅದರ ಮೇಲೆ ಕಡಿತ, 12 ದಾಟಿದರೆ ತೆಗೆದುಕೊಳ್ಳುವುದಿಲ್ಲ. ಬೆಳಗಿನ ಇಬ್ಬನಿ ಆರಿದ ಮೇಲೆ ಬಿಡಿಸಿ. ಮನೆ ಮಾಳಿಗೆ ಮೇಲೆ ತಾಡಪತ್ರಿ ಹಾಸಿ ಎರಡು ದಿನ ಬಿಸಿಲಿಗೆ ಹರವಿ, ಆಮೇಲೆ ತುಂಬಿ. ಮುಷ್ಟಿಯಲ್ಲಿ ಹಿಚುಕಿ ಬಿಟ್ಟರೆ ಹತ್ತಿ ತಾನಾಗಿ ಅರಳಬೇಕು. ಮುದ್ದೆಯಾಗಿ ಕೂತರೆ ಇನ್ನೊಂದು ದಿನ ಒಣಗಲಿ. 6,700ಕ್ಕೂ 8,110ಕ್ಕೂ ನಡುವೆ ಕ್ವಿಂಟಲಿಗೆ 1,410 ರೂಪಾಯಿ ಇದೆ. ನಿಮ್ಮ ಎಂಟು ಎಕರೆಗೆ ಅದು ಸಣ್ಣ ದುಡ್ಡಲ್ಲ.

ಮಗನ ವಿಷಯ ಕೊನೆಗೆ ಇಟ್ಟುಕೊಂಡಿದ್ದೆ. ಅವನು ಹೋಗಬೇಕು ಅಂದರೆ ನಿಮ್ಮ ಸಿಟ್ಟಿಗೆ ದ್ರೋಹ ಮಾಡಿದ ಹಾಗಲ್ಲ. ನಮ್ಮ ಜಗಳ ಅಲ್ಲಿನ ಸರಕಾರದ ಕೆಲವು ತೀರ್ಮಾನಗಳ ಜೊತೆ. ಅಲ್ಲಿನ ಜನರ ಜೊತೆಯಾಗಲಿ, ವಿದ್ಯೆಯ ಜೊತೆಯಾಗಲಿ ಅಲ್ಲ. ಆದರೆ ಸಾಲ ಮಾಡುವ ಮೊದಲು ಅವನ ಜೊತೆ ಕೂತು ಲೆಕ್ಕ ಹಾಕಿ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಕೆಲಸದ ವೀಸಾಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಒಂದೇ ಸಹಿಯಲ್ಲಿ ಹೇಳಿಬಿಟ್ಟರು. ಹೊಲ ಒತ್ತೆ ಇಟ್ಟು ಕಳಿಸಿದರೆ, ಓದು ಮುಗಿದ ಮೇಲೆ ಅಲ್ಲೇ ಕೆಲಸ ಸಿಕ್ಕೇ ಸಿಗುತ್ತದೆ ಅನ್ನುವ ಒಂದೇ ನಂಬಿಕೆಯ ಮೇಲೆ ಎಂಟೂ ಎಕರೆ ನಿಲ್ಲುತ್ತದೆ. ವಿದ್ಯಾರ್ಥಿವೇತನ ಸಿಗುವ ಕಡೆ ಮೊದಲು ಅರ್ಜಿ ಹಾಕಲಿ. ಜರ್ಮನಿ, ಜಪಾನ್ ಕಡೆಯೂ ನೋಡಲಿ. ಅವನ ಅಂಕಪಟ್ಟಿ, ಯಾವ ವಿಷಯ ಓದಬೇಕು ಅಂತಿದ್ದಾನೆ ಅನ್ನುವುದನ್ನು ಬರೆದು ಕಳಿಸಿ. ಗೊತ್ತಿದ್ದಷ್ಟು ನಾನು ಹೇಳುತ್ತೇನೆ.